ಫರ್ಮಾನ ಪ್ರಮೇಯವೂ ಶಬ್ದಪ್ರಮಾಣವೂ

ಬಿ.ಎಸ್ಸಿ. ಮಕ್ಕಳಿಗೆ ವರ್ಷಗಟ್ಟಲೆ ಗಣಿತ ಹೇಳಿದವನು ನಾನು. ಫರ್ಮಾನ ಕೊನೆಯ ಪ್ರಮೇಯವನ್ನು ಆ್ಯಂಡ್ರೂ ವೈಲ್ಸ್ ಸಾಧಿಸಿದ್ದಾರೆ ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಆ ಸಾಧನೆಯನ್ನು ಓದಿರಲಿಲ್ಲ. ನಿವೃತ್ತಿಯಾದ ಮೇಲೆ ಓದಿಯೇ ಬಿಡೋಣ ಎಂದು ಕೂತೆ.

ಘಾತ ಎರಡಕ್ಕಿಂತ ದೊಡ್ಡದಾದರೆ, ಎರಡು ಧನ ಪೂರ್ಣಾಂಕಗಳ ಆ ಘಾತಗಳ ಮೊತ್ತ ಇನ್ನೊಂದು ಪೂರ್ಣಾಂಕದ ಅದೇ ಘಾತವಾಗದು ಎಂಬುದು ಪ್ರಮೇಯ. ಘಾತ ನಾಲ್ಕಕ್ಕೆ ಪೆನ್ಸಿಲ್ಲು, ಹಾಳೆ ಸಾಕು. ಎರಡು ನಾಲ್ಕನೇ ಘಾತಗಳ ಮೊತ್ತ ಒಂದು ವರ್ಗವೆಂದಿಟ್ಟುಕೊಳ್ಳಿ. ಪೈಥಾಗೊರಸ್ ತ್ರಿವಳಿಗಳ ಸೂತ್ರವನ್ನು ಎರಡು ಸಲ ಹಾಕಿದರೆ ಅಂಥದೇ ಇನ್ನೂ ಚಿಕ್ಕ ಸಂಖ್ಯೆಗಳು ಸಿಗುತ್ತವೆ, ಅವುಗಳಿಂದ ಮತ್ತೂ ಚಿಕ್ಕವು. ಧನ ಪೂರ್ಣಾಂಕಗಳು ಹಾಗೆ ಕೊನೆಯಿಲ್ಲದೆ ಇಳಿಯಲಾರವು. ಮುಗಿಯಿತು. ಫರ್ಮಾನದ್ದೇ ಯುಕ್ತಿ ಇದು. ಯಾರ ಮಾತನ್ನೂ ನಂಬಬೇಕಿಲ್ಲ.

ಎಲ್ಲ ಘಾತಗಳಿಗೂ ಬೇಕೆಂದರೆ 1995ರ ‘ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ನ ನೂರಕ್ಕೂ ಹೆಚ್ಚು ಪುಟ. ಅದನ್ನು ಬಿಡಿಸಿ ಹೇಳಲೆಂದೇ ಕಾರ್ನೆಲ್, ಸಿಲ್ವರ್‌ಮನ್, ಸ್ಟೀವನ್ಸ್ ಸಂಪಾದಿಸಿದ ದಪ್ಪ ಪುಸ್ತಕ 1997ರಲ್ಲಿ ಬಂತು. ಅದಕ್ಕೂ ಮೊದಲು ಡೈಮಂಡ್, ಶುರ್ಮನ್ ಬರೆದ ಮಾಡ್ಯುಲರ್ ಫಾರ್ಮ್‌ಗಳ ಪಠ್ಯ ಓದಿಕೊಂಡರೆ ಒಳ್ಳೆಯದು. ಇಷ್ಟಾಗಿ ನೋಡಿದರೆ, ಮುಖ್ಯವಾದ ಜಾಗದಲ್ಲೇ ವೈಲ್ಸ್ ಲ್ಯಾಂಗ್‌ಲ್ಯಾಂಡ್ಸ್–ಟನೆಲ್ ಪ್ರಮೇಯವನ್ನು ಸಿದ್ಧವೆಂದು ಎತ್ತಿಕೊಳ್ಳುತ್ತಾರೆ. ಎಲಿಪ್ಟಿಕ್ ವಕ್ರಗಳು ಮಾಡ್ಯುಲರ್ ಎಂದು ವೈಲ್ಸ್ ಸಾಧಿಸಿದ್ದಕ್ಕೂ ಫರ್ಮಾನಿಗೂ ಕೊಂಡಿ ಹಾಕುವುದು ರಿಬೆಟ್ ಸಾಧಿಸಿದ ಫಲಿತಾಂಶ. ಬಲ್ಲವರ ಮಾತನ್ನು ನೆಚ್ಚುವ ಆಪ್ತವಾಕ್ಯ ವೈಲ್ಸರಿಗೂ ತಪ್ಪಿದ್ದಲ್ಲ!

ನಮ್ಮ ಬೀದಿಯ ಮೀಮಾಂಸಾ ವಿದ್ವಾಂಸರಿಗೆ ಇದನ್ನು ಹೇಳಿದರೆ ಖುಷಿಯೋ ಖುಷಿ. “ತಪ್ಪೆಂದು ತೋರಿಸುವ ಬಾಧಕ ಬರುವ ತನಕ ಜ್ಞಾನ ತನಗೆ ತಾನೇ ಪ್ರಮಾಣ ಮೇಷ್ಟ್ರೇ. ಓದದೆ ನಂಬಿದಿರಿ, ಏನೂ ತಪ್ಪಿಲ್ಲ.”

ನನಗೆ 1993 ಅಡ್ಡ ಬರುತ್ತದೆ. ಆ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ವೈಲ್ಸ್ ಉಪನ್ಯಾಸ ಮುಗಿಸಿದಾಗ ಲೋಕವೇ ನಂಬಿತು. ಹಸ್ತಪ್ರತಿ ಪರಿಶೀಲಿಸುತ್ತಿದ್ದ ನಿಕ್ ಕಾಟ್ಜ್ ಕೆದಕಿ ಕೆದಕಿ ಪ್ರಶ್ನೆ ಕೇಳಿದರು; ಒಂದಕ್ಕೆ ಉತ್ತರ ಹೊರಡಲಿಲ್ಲ. ರಿಚರ್ಡ್ ಟೇಲರ್ ಜೊತೆ ಸೇರಿ ಅದನ್ನು ಸರಿಪಡಿಸುವಷ್ಟರಲ್ಲಿ 1994ರ ಸೆಪ್ಟೆಂಬರ್ ಆಗಿತ್ತು. ಬಾಧಕ ತಾನಾಗಿ ಬರಲಿಲ್ಲ, ಒಬ್ಬರು ಹುಡುಕಿಕೊಂಡು ಹೋಗಿದ್ದರು. ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕೆನ್ನುವ ನೈಯಾಯಿಕರಿಗೇ ನನ್ನ ವೋಟು.

“ಪರೀಕ್ಷಿಸಿದವರ ಮಾತನ್ನು ಏನು ನೆಚ್ಚಿ ನಂಬುತ್ತೀರಿ? ಅದಕ್ಕೂ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು?” ಎಂದರು. ಮೀಮಾಂಸಕರ ಹಳೇ ಪಟ್ಟು, ಅನವಸ್ಥೆ. ನ್ಯಾಯದಲ್ಲಿ ಅದಕ್ಕೆ ಉತ್ತರವಿದೆ: ಜ್ಞಾನವನ್ನು ನೆಚ್ಚಿ ಮಾಡಿದ ಕೆಲಸ ಫಲ ಕೊಟ್ಟರೆ ಸಾಕು. ವೈಲ್ಸ್ ಸಾಧಿಸಿದ್ದು ಒಂದು ಬಗೆಯ ಎಲಿಪ್ಟಿಕ್ ವಕ್ರಗಳಿಗೆ ಮಾತ್ರ; ಫರ್ಮಾನಿಗೆ ಅಷ್ಟು ಸಾಕಿತ್ತು. ಅದೇ ದಾರಿ ಹಿಡಿದು ಬ್ರಾಯ್, ಕಾನ್ರಾಡ್, ಡೈಮಂಡ್, ಟೇಲರ್ ನಾಲ್ವರೂ ಸೇರಿ 2001ರಲ್ಲಿ ಉಳಿದವನ್ನೂ ಮುಗಿಸಿದರು. ದಾರಿ ಸುಳ್ಳಾಗಿದ್ದರೆ ಅಷ್ಟು ದೂರ ಹೋಗುತ್ತಿತ್ತೇ ಎಂದೆ.

“ಆ ನಾಲ್ವರದ್ದನ್ನು ಓದಿದ್ದೀರಾ?”

ಇಲ್ಲ ಎಂದೆ.