ಬಿಸುಟದ್ದು ಎಲ್ಲಿಗೆ ಹೋಯಿತು?

ಮಾಲ್ಡೀವ್ಸ್ ರಾಜಧಾನಿ ಮಾಲೆಯಿಂದ ಸುಮಾರು 7 ಕಿಲೋಮೀಟರು ದೂರದ ತಿಲಫುಶಿಯು ನಿಸರ್ಗನಿರ್ಮಿತ ದ್ವೀಪವಲ್ಲ. 1992ರಿಂದ ಪಟ್ಟಣದ ಕಸವನ್ನು ದೋಣಿಗಳಲ್ಲಿ ತಂದು, ಹವಳದಿಬ್ಬದ ನೀರಿಗೆ ಸುರಿದು, ಮೇಲೆ ಮರಳು ಹಾಸಿ ಬೆಳೆಸಿದ್ದು. ಊರು ಶುಚಿಯಾಯಿತು, ಜಲಚರಗಳ ನೆಲೆ ಹೂತುಹೋಯಿತು.

ಕೊಳ್ಳುವುದಕ್ಕೆ ಪರಿಮಾಣವಿಟ್ಟ ಗೃಹಸ್ಥನು ಬಿಸುಡುವುದಕ್ಕೂ ಇಡಬೇಡವೇ? ಮುನಿಗಳಿಗಾದರೋ ಉತ್ಸರ್ಗ ಸಮಿತಿಯುಂಟು. ನಿರ್ಜಂತುಕ ಸ್ಥಳವನ್ನು ನೋಡಿಯೇ ಮಲಮೂತ್ರಗಳನ್ನು ವಿಸರ್ಜಿಸುತ್ತಾರೆ. ಶ್ರಾವಕನು ಆ ಹೊಣೆಯನ್ನು ಕಸದ ಗಾಡಿಗೆ ಒಪ್ಪಿಸಿ ನಿಶ್ಚಿಂತನಾಗುತ್ತಾನೆ. ಕೃತದಂತೆ ಕಾರಿತವೂ ತನ್ನದೇ ಎಂದು ಬಲ್ಲವನೇ ಅವನು!

ಗ್ರೀಸಿನ ಟಿಲೋಸ್ ದ್ವೀಪದವರು 2021ರ ಡಿಸೆಂಬರಿನಿಂದ ಬೀದಿತೊಟ್ಟಿಗಳನ್ನು ತೆಗೆದು, ಮನೆಯಲ್ಲಿಯೇ ವಿಂಗಡಿಸಿ, ಅಡಿಗೆಮನೆಯ ಶೇಷವನ್ನು ಗೊಬ್ಬರವಾಗಿಸಿ, ಕಸ ಹೂಳುವ ಗುಂಡಿಯನ್ನು ಮುಚ್ಚಿಬಿಟ್ಟರು. ಸಾಮಾನ್ಯ ಸಾಧನೆಯಲ್ಲ. ಆದರೂ ವರ್ತುಲವು ಪೂರ್ಣವಾಗಿಲ್ಲ: ಮೊದಲೇ ಕೊಳ್ಳದೆ ಬಿಡಬಹುದಾಗಿದ್ದ, ಈಗ ಮರುಬಳಕೆಗೂ ಒದಗದ ಉಳಿಕೆಯನ್ನು ಹಡಗಿಗೇ ಏರಿಸಿ ಕಳುಹಿಸಬೇಕಾಗಿದೆ.