ಕರ್ತೃವೇ ಪರೀಕ್ಷಕನಾಗಬಹುದೆ?

ತಾನು ಮಾಡಿದ ಕೆಲಸದ ಗುಣದೋಷಗಳನ್ನು ತಾನೇ ನಿರ್ಣಯಿಸುವ ಅರ್ಹತೆ ಮನುಷ್ಯನಿಗುಂಟೆ? ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪು ಹೇಳುವವನನ್ನು ಯಾವ ನ್ಯಾಯಸಭೆಯೂ ಒಪ್ಪದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೂ ಇದನ್ನೇ ಸಾರುತ್ತದೆ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದ ವಿಮಾನಯಾನ ಶಾಸನವು ಒಂದೆಡೆ ಈ ಲೋಕನೀತಿಯನ್ನು ಮೀರಿ ನಡೆದಿದೆ. ತನ್ನ ಕೈಯಾರೆ ವಿಮಾನವನ್ನು ಕಟ್ಟಿದವನಿಗೆ, ಅದನ್ನು ಪರೀಕ್ಷಿಸಿ ಹಾರಲು ಯೋಗ್ಯವೆಂದು ಬರೆಯುವ ಅಧಿಕಾರವನ್ನೂ ಅದು ಕೊಡುತ್ತದೆ. ಇದು ಯುಕ್ತವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆ ದೇಶದಲ್ಲಿ ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಮನೆಯಲ್ಲಿಯೇ ವಿಮಾನ ಕಟ್ಟುವವರು ಹಲವರಿದ್ದಾರೆ. ನಿರ್ಮಾಣಕಾರ್ಯದ ಅರ್ಧಕ್ಕಿಂತ ಹೆಚ್ಚು ಭಾಗವು ಹವ್ಯಾಸಿಗಳಿಂದಲೇ ನಡೆದಿರಬೇಕೆಂಬುದು ನಿಯಮ. ಅಂಥ ವಿಮಾನದ ದುರಸ್ತಿಯನ್ನು ಯಾರು ಮಾಡಿದರೂ ಶಾಸನವು ತಡೆಯುವುದಿಲ್ಲ. ಆದರೆ 12 ತಿಂಗಳಿಗೊಮ್ಮೆ ನಡೆಯುವ ಸ್ಥಿತಿಪರೀಕ್ಷೆಯ ಬಳಿಕ ದಾಖಲೆಯ ಪುಸ್ತಕದಲ್ಲಿ ಸಹಿ ಹಾಕಲು ಮಾತ್ರ ಪ್ರಮಾಣಪತ್ರವಿರಬೇಕು. ಇಲ್ಲೊಂದು ಸೂಕ್ಷ್ಮವಿದೆ: ಶಾಸನವು ಕೈಯನ್ನು ಸ್ವತಂತ್ರವಾಗಿ ಬಿಟ್ಟು, ಮಾತನ್ನು ಕಾವಲಿನಲ್ಲಿಟ್ಟಿದೆ. ತಪ್ಪಾಗಿ ಬಿಗಿದ ಬೋಲ್ಟನ್ನು ಮತ್ತೊಬ್ಬನು ಕಂಡು ತಿದ್ದಬಹುದು. ಸರಿಯಾಗಿದೆಯೆಂಬ ಸುಳ್ಳು ಸಾಕ್ಷಿಯಾದರೋ ನೋಡಬೇಕಾದವರ ಕಣ್ಣನ್ನೇ ಮುಚ್ಚಿಸುತ್ತದೆ.

ಈ ಸಾಕ್ಷ್ಯವನ್ನು ವೃತ್ತಿಯ ಮೆಕ್ಯಾನಿಕನು ನುಡಿಯಬಹುದು. ವಿಮಾನದ ಒಡಲು, ಎಂಜಿನ್ ಎರಡರಲ್ಲಿಯೂ ಅವನು 30 ತಿಂಗಳ ಅನುಭವವನ್ನೋ ಮಾನ್ಯ ಶಾಲೆಯ ಶಿಕ್ಷಣವನ್ನೋ ಪಡೆದು, ಲಿಖಿತ, ಮೌಖಿಕ, ಪ್ರಾಯೋಗಿಕ ಪರೀಕ್ಷೆಗಳನ್ನು ದಾಟಿರಬೇಕು. ಕಟ್ಟಿದವನಿಗಾದರೋ ಲಿಖಿತ ಪರೀಕ್ಷೆಯಿಲ್ಲ. 18 ವರ್ಷ ತುಂಬಿರಬೇಕು. ಮುಖ್ಯ ನಿರ್ಮಾತೃ ತಾನೇ ಆಗಿರಬೇಕು. ವಿಮಾನದ ಸುಸ್ಥಿತಿಯನ್ನು ನಿರ್ಣಯಿಸುವ ಕೌಶಲ ತನಗುಂಟೆಂದು ಅಧಿಕಾರಿಗೆ ಮನಗಾಣಿಸಬೇಕು. ಆಗ ಅವನಿಗೆ ರಿಪೇರ್‌ಮನ್ ಪ್ರಮಾಣಪತ್ರ ದೊರೆಯುತ್ತದೆ. ಅದು ಆ ಒಂದು ವಿಮಾನಕ್ಕೆ ಮಾತ್ರ ಸಲ್ಲುವುದು. ಅದೇ ನಕ್ಷೆಯಂತೆ ನೆರೆಯವನು ಕಟ್ಟಿದ ವಿಮಾನಕ್ಕೆ ಈ ಪತ್ರದ ಬಲದಿಂದ ಸಹಿ ಹಾಕುವಂತಿಲ್ಲ. ವಿಮಾನವನ್ನು ಮಾರಿದರೂ ಪತ್ರವು ಕೊಂಡವನಿಗೆ ಸೇರದು. ಪದಾರ್ಥವನ್ನು ಮಾರಬಹುದು, ಅರಿವನ್ನು ಮಾರಲಾಗದು ಎಂಬ ತತ್ತ್ವವೇ ಇದರ ತಳಹದಿ.

ಪರಿಚಯದಿಂದ ಜ್ಞಾನವು ಬೆಳೆಯುವುದು ನಿಜ. ಯಾವ ರಿವೆಟ್ಟನ್ನು ಎರಡು ಸಲ ಹೊಡೆಯಬೇಕಾಯಿತು, ಯಾವ ಕೀಲು ಮೊದಲ ಸಲ ಹೊಂದಲಿಲ್ಲ ಎಂಬುದನ್ನು ಕಟ್ಟಿದವನಂತೆ ಬಲ್ಲವರಿಲ್ಲ. ಆದರೆ ಪರಿಚಯವೇ ಮಬ್ಬಾಗುವುದೂ ಉಂಟು. ಚುಕ್ಕಾಣಿಯ ತಂತಿಹಗ್ಗವು ರಾಟೆಯ ಮೇಲೆ ಹಾಯುವಲ್ಲಿ ಒಂದೊಂದೇ ಎಳೆಯಾಗಿ ಸವೆದು ಹರಿಯುತ್ತದೆ. ಬಟ್ಟೆಯೊಂದನ್ನು ಅದರ ಮೇಲೆ ಎಳೆದರೆ ಹರಿದ ಎಳೆ ಬಟ್ಟೆಗೆ ತೊಡರಿಕೊಳ್ಳುತ್ತದೆ. ಅಪರಿಚಿತನು ಸಂಶಯದಿಂದ ಬಟ್ಟೆ ಎಳೆದು ನೋಡುವನು. ತಾನೇ ಬಿಗಿದವನು, ಇದು ಚೆನ್ನಾಗಿಯೇ ಇರಬೇಕೆಂದು ಮುಂದೆ ಸಾಗಿಬಿಡಬಹುದು. ಅವನು ನೋಡುವುದು ಎದುರಿಗಿರುವ ಹಗ್ಗವನ್ನಲ್ಲ, ನೆನಪಿನಲ್ಲಿರುವ ಹಗ್ಗವನ್ನು.

ಹಗುರ ವಿಮಾನಗಳ ವಿಷಯವಾಗಿ 2004ರಲ್ಲಿ ಬಂದ ನಿಯಮವು ಈ ಅಪಾಯವನ್ನು ತೂಗಿ ನೋಡಿತ್ತು. ಸ್ವಂತ ವಿಮಾನವನ್ನಷ್ಟೇ ಪರೀಕ್ಷಿಸುವವನಿಗೆ 16 ಗಂಟೆಗಳ ಶಿಕ್ಷಣ ಸಾಕೆಂದಿತು; ಕೂಲಿ ಪಡೆದು ಪರರ ವಿಮಾನಗಳನ್ನು ನೋಡಿಕೊಳ್ಳುವವನಿಗೆ 120 ಗಂಟೆಗಳನ್ನು ವಿಧಿಸಿತು. ತನ್ನ ಪ್ರಾಣವನ್ನು ಪಣವಿಡಲು ಅಲ್ಪವಿದ್ಯೆ, ಪರರ ಪ್ರಾಣಕ್ಕೆ ಹೆಚ್ಚಿನ ವಿದ್ಯೆ ಎಂಬ ಈ ಗಣಿತವು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ತನ್ನ ವಿಮಾನವೆಂದ ಮಾತ್ರಕ್ಕೆ ಅದರಲ್ಲಿರುವುದು ತನ್ನ ಪ್ರಾಣವೊಂದೇ ಅಲ್ಲ.

1908ರ ಸೆಪ್ಟೆಂಬರ್ 17ರಂದು ವರ್ಜೀನಿಯಾದ ಫೋರ್ಟ್ ಮೈಯರಿನಲ್ಲಿ ಆರ್ವಿಲ್ ರೈಟನು ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜನನ್ನು ಜೊತೆಯಲ್ಲಿ ಕೂರಿಸಿಕೊಂಡು ಹಾರಿದನು. ಪ್ರೊಪೆಲ್ಲರಿನ ಅಲಗು ಸೀಳಿ, ವಿಮಾನವು ಹತೋಟಿ ತಪ್ಪಿ ಉರುಳಿತು. ರೈಟನು ತೀವ್ರವಾಗಿ ಗಾಯಗೊಂಡು ಉಳಿದನು, ಸೆಲ್ಫ್ರಿಜನು ಮಡಿದನು. ಯಂತ್ರವನ್ನು ರೈಟನಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ವಿರಳ. ಆ ಜ್ಞಾನವೂ ಅಲಗಿನ ಸೀಳನ್ನು ತಡೆಯಲಿಲ್ಲ. ಇಂದು ಹವ್ಯಾಸಿಗಳು ಕಟ್ಟಿದ ವಿಮಾನದೊಳಗೆ, ಇದು ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟುದಲ್ಲವೆಂಬ ಎಚ್ಚರಿಕೆಯ ಫಲಕವಿರಬೇಕು. ಪ್ರಯಾಣಿಕನು ಅದನ್ನು ಓದಿಯೂ ಹತ್ತುವುದು ಯಂತ್ರವನ್ನು ನಂಬಿಯಲ್ಲ, ಮನುಷ್ಯನನ್ನು ನಂಬಿ.

ಆದುದರಿಂದ ಕರ್ತೃವು ಪರೀಕ್ಷಕನಾಗಬಾರದೆನ್ನುವುದು ಸರಿಯಲ್ಲ. ಅವನ ಅರಿವನ್ನು ಬಿಸಾಡಿದಂತಾಗುವುದು. ಆದರೆ ಪರೀಕ್ಷೆಗೆ ನಿಂತ ದಿನ ಅವನು ಕರ್ತೃತ್ವವನ್ನು ಹೊರಗಿಟ್ಟು ಬರಬೇಕು. ಮುಚ್ಚಳಗಳನ್ನೆಲ್ಲ ತೆರೆದು, ಪಟ್ಟಿಯ ಪ್ರತಿಯೊಂದು ಅಂಶವನ್ನೂ ಇನ್ನೊಬ್ಬನು ಮಾಡಿದ ಕೆಲಸವೆಂಬಂತೆ ಶಂಕಿಸಿ ನೋಡಬೇಕು. ಸಾಧ್ಯವಾದರೆ, ಶಾಸನವು ಕೇಳದಿದ್ದರೂ, ಮತ್ತೊಂದು ಜೊತೆ ಕಣ್ಣನ್ನು ಕರೆಯಬೇಕು. ಪ್ರಮಾಣಪತ್ರವು ಸಹಿ ಹಾಕುವ ಹಕ್ಕನ್ನು ಕೊಡುತ್ತದೆ. ವರ್ಷಗಟ್ಟಲೆ ದುಡಿದು ಕಟ್ಟಿದ ವಿಮಾನದ ಮುಂದೆ ನಿಂತು, ಇದು ಇಂದು ಹಾರತಕ್ಕದ್ದಲ್ಲ ಎಂದು ಬರೆಯುವ ಧೈರ್ಯವನ್ನು ಅದು ಕೊಡಲಾರದು. ಪರೀಕ್ಷಕನ ನಿಜವಾದ ಅರ್ಹತೆ ಇರುವುದು ಆ ಧೈರ್ಯದಲ್ಲಿಯೇ.