ಹಿಂದಿನ ಗಾಜಿನ ಮೇಲಿನ ಸ್ಟಿಕ್ಕರ್

 

ಈ ದಿನದ ಧ್ಯಾನಕ್ಕೆ ಧರ್ಮೋಪದೇಶಕಾಂಡ 25ನೇ ಅಧ್ಯಾಯ, 13ರಿಂದ 16ನೇ ವಚನಗಳು. ಒಂದೇ ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅನ್ನೋ ಭಾಗ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು. "ಪಾಸ್ಟ್ರೇ, ನಾವೇನು ಆನೇಕಲ್ ಸಂತೇಲಿ ರಾಗಿ ಮಾರ್ತೀವಾ?" ಅಂತ ಕೇಳಬಹುದು. ಇಲ್ಲ ಪ್ರಿಯರೇ. ಆದರೆ ಕಾರು ಮಾರ್ತೀವಿ, ಕಾರು ಕೊಳ್ತೀವಿ.

ನಮ್ಮ ಸಭೆಯ ಒಬ್ಬ ಸಹೋದರನ ವಿಷಯ, ಅವರನ್ನ ಕೇಳಿಯೇ ಹೇಳ್ತಿದ್ದೀನಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಳ್ಳೆ ಕೆಲಸ ಇದ್ದಾಗ ದೊಡ್ಡ ಸೆಡಾನ್ ತಗೊಂಡ್ರು. ನಾವೇ ಕೈಯಿಟ್ಟು ಪ್ರಾರ್ಥನೆ ಮಾಡಿದ್ವಿ. ಹಿಂದಿನ ಗಾಜಿನ ಮೇಲೆ "ದೇವರ ದಾನ" ಅಂತ ಸ್ಟಿಕ್ಕರ್ ಹಾಕಿಸಿದ್ರು, ಸಭೆಯಲ್ಲಿ ಸಾಕ್ಷಿ ಹೇಳಿದ್ರು. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ನೀರು. ಆ ರಾತ್ರಿ ಬೆಳ್ಳಂದೂರಿನ ಒಂದು ಬೇಸ್‌ಮೆಂಟ್‌ನಲ್ಲಿ ಈ ಕಾರು ಸೀಟಿನ ಮಟ್ಟಕ್ಕೆ ನೀರಲ್ಲಿ ನಿಂತಿತ್ತು. ರಿಪೇರಿ ಆಯ್ತು, ಓಡ್ತಾನೂ ಇತ್ತು. ಆದರೆ ಜೋರು ಮಳೆ ಬಂದ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಲೈಟ್ ಹತ್ಕೊಳ್ಳೋದು.

ಈ ವರ್ಷ ಕೆಲಸ ಹೋಯ್ತು. ಸಣ್ಣ ಸಂಬಳಕ್ಕೆ ಬೇರೆ ಕೆಲಸ ಸಿಕ್ತು. ಅಮ್ಮನ ಔಷಧಿ ಖರ್ಚು ಬೇರೆ. ಸೆಡಾನ್ ಮಾರಿ ಹಳೇ ಸಣ್ಣ ಕಾರು ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ರು. ನನ್ನ ಹತ್ತಿರ ಬಂದು ಅತ್ತರು. "ಪಾಸ್ಟ್ರೇ, ದೇವರು ಕೊಟ್ಟಿದ್ದು ಅಂತ ಸಾಕ್ಷಿ ಹೇಳಿದ್ನಲ್ಲ. ಈಗ ಭಾನುವಾರ ಸಣ್ಣ ಕಾರಲ್ಲಿ ಈ ಗೇಟ್ ಒಳಗೆ ಹೇಗೆ ಬರಲಿ?"

ಪ್ರಿಯರೇ, ಆ ಪ್ರಶ್ನೆ ನನಗೆ ಚುಚ್ಚಿತು. ಆಶೀರ್ವಾದವನ್ನ ಕಾರಿನ ಉದ್ದದಿಂದ ಅಳೆಯೋದನ್ನ ಅವರಿಗೆ ಕಲಿಸಿದವರು ಯಾರು? ನಾವೇ. ನಮ್ಮ ಕರ್ತನು ಯೆರೂಸಲೇಮಿಗೆ ಬಂದದ್ದು ಎರವಲು ತಂದ ಕತ್ತೆಮರಿಯ ಮೇಲೆ. "ನಿಮಗೆ ಈಗ ಬೇಕಾಗಿರೋದೇನು ಬ್ರದರ್?" ಅಂದೆ. ಲೆಕ್ಕ ಹಾಕಿದ್ವಿ. ಆನೇಕಲ್‌ನಿಂದ ಚಂದಾಪುರ ದಾಟಿ ಬೊಮ್ಮಸಂದ್ರದವರೆಗೆ ಹೋದರೆ ಸಾಕು, 2025ರ ಆಗಸ್ಟ್‌ನಿಂದ ಅಲ್ಲಿ ಹಳದಿ ಮೆಟ್ರೋ ಇದೆ. ಮಂಡಿ ನೋವಿರೋ ಅಮ್ಮ ಸುಲಭವಾಗಿ ಹತ್ತಿ ಇಳಿಯೋ ಸೀಟು ಬೇಕು. ಅಷ್ಟೇ.

ಆಮೇಲೆ ಶನಿವಾರಗಳಲ್ಲಿ ಚಂದಾಪುರ, ಅತ್ತಿಬೆಲೆ ಸುತ್ತಿದ್ರು. ತುಂಬ ಜಾಣತನದಿಂದ ನೋಡ್ತಿದ್ರು. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಗೆರೆ ಇದೆಯಾ, ಮ್ಯಾಟ್ ಎತ್ತಿದರೆ ಮುಗ್ಗಲು ವಾಸನೆ ಬರುತ್ತಾ, ಸೀಟಿನ ಕೆಳಗಿನ ಸ್ಕ್ರೂ ತುಕ್ಕು ಹಿಡಿದಿದೆಯಾ, ಸರ್ವೀಸ್ ದಾಖಲೆಯ ಕಿಲೋಮೀಟರ್‌ಗೂ ಮೀಟರ್‌ಗೂ ತಾಳೆ ಆಗುತ್ತಾ. ಒಂದು ಕಾರಿನ ಬೆಲ್ಟಿನಲ್ಲಿ ಕೆಸರು ಸಿಕ್ತು. "ಎಷ್ಟು ಸುಳ್ಳು ಹೇಳ್ತಾರೆ ಪಾಸ್ಟ್ರೇ!" ಅಂತ ಕೋಪ ಮಾಡ್ಕೊಂಡ್ರು.

ನಾನು ಕೇಳಿದೆ: "ನಿಮ್ಮ ಕಾರಿನ ಬೆಲ್ಟ್ ಎಳೆದರೆ ಏನು ಕಾಣುತ್ತೆ ಬ್ರದರ್?"

ಅವರು ಮಾತಾಡಲಿಲ್ಲ.

ಅದೇ ವಾರ ಜಿಗಣಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಒಬ್ಬ ಹುಡುಗ ಸೆಡಾನ್ ನೋಡಲು ಬಂದ. ಮದುವೆ ಗೊತ್ತಾಗಿತ್ತು ಅವನಿಗೆ. ಸುತ್ತ ಒಂದು ಸಲ ಬಂದ, ಹಿಂದಿನ ಗಾಜು ನೋಡಿದ. "ಸಾರ್, ನೀವು ಚರ್ಚ್‌ನವರು. ನಿಮ್ಮ ಗಾಡೀಲಿ ಚೆಕ್ ಮಾಡೋದೇನಿದೆ?" ಅಂದ. ಬೆಲ್ಟ್ ಎಳೆಯಲೇ ಇಲ್ಲ.

"ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳಂತೂ ಆಡಲಿಲ್ಲ" ಅಂತ ಹೇಳಬಹುದಿತ್ತು. ಮಾಲೀಕತ್ವ ಬದಲಿಸೋ ಫಾರಂ 29, 30ರಲ್ಲಿ ಚಾಸಿ ನಂಬರ್‌ಗೆ ಜಾಗ ಇದೆ. ಗಾಡಿ ನೀರಲ್ಲಿ ಮುಳುಗಿತ್ತಾ ಅನ್ನೋ ಕಾಲಂ ಇಲ್ಲ. 1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು ಹಳೇ ಕಾರುಗಳ ಉದಾಹರಣೆ ಕೊಟ್ಟೇ ಒಂದು ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಬಂತು. ದೋಷ ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಕೊಳ್ಳುವವರು ಒಳ್ಳೇ ಗಾಡಿಗೂ ಒಳ್ಳೇ ಬೆಲೆ ಕೊಡೋದಿಲ್ಲ. ಒಳ್ಳೇ ಗಾಡಿ ಇರೋರು ಸಂತೆಯಿಂದಲೇ ಹಿಂದೆ ಸರೀತಾರೆ. ಒಬ್ಬನ ಮೌನಕ್ಕೆ ಊರೆಲ್ಲ ದಂಡ ಕಟ್ಟುತ್ತೆ.

ಆದರೆ ನಮ್ಮ ವಿಷಯ ಅದಕ್ಕಿಂತ ಆಳ. ಆ ಹುಡುಗ ಯಾಕೆ ಕೇಳಲಿಲ್ಲ? ಆ ಸ್ಟಿಕ್ಕರ್ ನೋಡಿ! ಅದು ಇಲ್ಲದಿದ್ದರೆ ಬೆಲ್ಟ್ ಎಳೀತಿದ್ದ. ಅಲ್ಲಿ ಸುಮ್ಮನಿದ್ದರೆ ದೇವರ ಹೆಸರನ್ನೇ ಕೆಸರಿನ ಮೇಲೆ ಮುಚ್ಚಳ ಮಾಡಿದ ಹಾಗೆ. ಮೂರನೇ ಆಜ್ಞೆ ಬರೀ ಬಾಯಿಗಲ್ಲ ಪ್ರಿಯರೇ, ಗಾಜಿಗೂ ಇದೆ.

ಹೇಳಿದರೆ ಒಂದೂವರೆ ಲಕ್ಷ ಕಡಿಮೆ ಆಗ್ತಿತ್ತು. ಅದು ಅಮ್ಮನ ಔಷಧಿಯ ದುಡ್ಡು, ನಾನು ಹಗುರವಾಗಿ ಮಾತಾಡೋಲ್ಲ. ಆದರೆ ಆ ನೀರು ಬಂದದ್ದು ಇವರ ಕಾರಿಗೆ. ಮುಚ್ಚಿಟ್ಟು ಮಾರಿದರೆ ಆ ನೀರನ್ನ ಜಿಗಣಿಯ ಹುಡುಗನ ಮನೆಯೊಳಗೆ ತಿರುಗಿಸಿದ ಹಾಗೆ.

ಆ ಸಹೋದರ ತಾವೇ ಬೆಲ್ಟ್ ಎಳೆದು ತೋರಿಸಿದ್ರು. ಹುಡುಗ ಥ್ಯಾಂಕ್ಸ್ ಹೇಳಿ ಹೊರಟುಹೋದ. ಎರಡು ತಿಂಗಳಾದ ಮೇಲೆ ಎಲ್ಲ ತಿಳಿದುಕೊಂಡ ಒಬ್ಬರು ಕಡಿಮೆ ಬೆಲೆಗೆ ತಗೊಂಡ್ರು. ದೇವರು ಎರಡರಷ್ಟು ವಾಪಸ್ ಕೊಟ್ಟರು ಅಂತ ಸಾಕ್ಷಿ ಹೇಳೋಕೆ ಇಲ್ಲಿ ಏನೂ ಇಲ್ಲ. ನಷ್ಟ ನಷ್ಟವೇ. ಹೊರಗೆ ಬೇವಿನ ಮರದ ಕೆಳಗೆ ನಿಂತಿರೋ ಹಳೇ ಸಣ್ಣ ಕಾರು ಅವರದ್ದು. ಅದಕ್ಕೆ ಇನ್ನೂ ಸ್ಟಿಕ್ಕರ್ ಹಾಕಿಲ್ಲ. "ಅದು ನನ್ನ ಮೇಲೆ ಇರಲಿ ಪಾಸ್ಟ್ರೇ" ಅಂದ್ರು.

ಎದ್ದು ನಿಲ್ಲೋಣ. ಕರ್ತನೇ, ನಮ್ಮ ಚೀಲದಲ್ಲಿರೋ ಎರಡನೇ ಕಲ್ಲನ್ನ ನಮಗೆ ತೋರಿಸು, ಅದನ್ನ ಎಸೆಯೋ ಧೈರ್ಯ ಕೊಡು. ಆಮೆನ್.